ಬೀಗ ಹಾಕಿದ ಜಟ್ಟಿ

ರೂಪಶ್ರೀಯ ಗೇಮ್ ಸೆಂಟರಿನಲ್ಲಿ ಮೊದಲು ರಕ್ತ ಬಿದ್ದದ್ದು ಬಾಗಿಲು ತೆರೆದ ಮೂರನೇ ವಾರ. ಇಬ್ಬರು ಕಾಲೇಜು ಹುಡುಗರು ಸರದಿಗಾಗಿ ಕಿತ್ತಾಡಿ, ಒಬ್ಬ ಇನ್ನೊಬ್ಬನ ಹುಬ್ಬು ಸೀಳಿದ್ದ. ಅವಳು ಇಬ್ಬರನ್ನೂ ಕುತ್ತಿಗೆ ಪಟ್ಟಿ ಹಿಡಿದು ಮೆಟ್ಟಿಲಿಳಿಸಿ, ನೆಲ ಒರೆಸಿ, ಮತ್ತೆ ಆಟ ಶುರು ಮಾಡಿಸಿದ್ದಳು. ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ, ಬೇಕರಿಯ ಮೇಲಿನ ಮಹಡಿ ಅದು. ನಂಜನಗೂಡಿನ ಕಾರ್ಖಾನೆಯಲ್ಲಿ ಆರು ವರ್ಷ ದುಡಿದ ಹಣವನ್ನೆಲ್ಲ ಎರಡು ವಿಡಿಯೊ ಗೇಮ್ ಯಂತ್ರ, ಎರಡು ದೊಡ್ಡ ಟಿವಿಗೆ ಸುರಿದಿದ್ದಳು. ಹೊಡೆದಾಟಕ್ಕೆ ಹೆದರಿ ಅಂಗಡಿ ಮುಚ್ಚುವ ಹೆಣ್ಣಲ್ಲ.

ಅಲ್ಲಿ ಎಲ್ಲರಿಗೂ ಬೇಕಾಗಿದ್ದು ಒಂದೇ ಆಟ. ಪರದೆಯ ಮೇಲೆ ಇಬ್ಬರು ಜಟ್ಟಿಗಳು ಎದುರುಬದುರಾಗಿ, ಒಬ್ಬನ ಮೂಳೆ ಮುರಿಯುವವರೆಗೂ ಬಡಿದಾಡುವುದು. ಐದು ಸಾವಿರ ಕೊಟ್ಟು ತಂದ ಡಿಸ್ಕಿನಲ್ಲಿ ಹನ್ನೆರಡು ಜಟ್ಟಿಗಳಿದ್ದರು. ಅವರಲ್ಲಿ ಬೋಳುತಲೆಯವನೊಬ್ಬನಿಗೆ ಹುಡುಗರು ಬೋಳ ಎಂದೇ ಹೆಸರಿಟ್ಟಿದ್ದರು. ಬೋಳನನ್ನು ಶಂಕರನಷ್ಟು ಚೆನ್ನಾಗಿ ಆಡಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ. ಶಂಕರನಿಗೆ ಇಪ್ಪತ್ತಮೂರು ವರ್ಷ. ಊರು ಹಂಗಳ. ಬೇಸಿಗೆಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿ ಕೆಲಸ.

ನಾಲ್ಕು ತಿಂಗಳಾದ ಮೇಲೆ ಆಟದ ಕಂಪನಿಯವರು ಹದಿಮೂರನೆಯ ಜಟ್ಟಿಯನ್ನು ಬಿಟ್ಟರು. ತಲೆಯ ಮೇಲೆ ಕೊಂಬಿದ್ದ ಅವನು ಎಲ್ಲರ ಬಾಯಲ್ಲಿ ಕೊಂಬ ಆದ. ಅವನಿಗೆ ಬೇರೆ ಬೆಲೆ, ಏಳುನೂರು ರೂಪಾಯಿ. ಬೋಳ ಹತ್ತು ಏಟಿನಲ್ಲಿ ಮಾಡುವುದನ್ನು ಕೊಂಬ ಮೂರಕ್ಕೇ ಮುಗಿಸುತ್ತಿದ್ದ. ರೂಪಶ್ರೀ ದುಡ್ಡು ಕಟ್ಟಿದಳು. ಡೌನ್‌ಲೋಡ್ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿದುಹೋಯಿತು. ಪಕ್ಕದಲ್ಲಿ ನಿಂತಿದ್ದ ಶಂಕರ್ ನಕ್ಕ.

“ಇಷ್ಟ್ ಬೇಗ ಎಂಗಕ್ಕ ಬಂದ ಇವ್ನು? ಡಿಸ್ಕೊಳ್ಗೇ ಇದ್ದ ಕಣಕ್ಕ. ಬೀಗ ಹಾಕಿ ಮಡಗವ್ರೆ. ನೀವೀಗ ಕಾಸ್ ಕೊಟ್ಟಿದ್ದು ಬೀಗದ ಕೈಗೆ.”

ರೂಪಶ್ರೀಗೆ ಮೈ ಉರಿದುಹೋಯಿತು. ಆ ಉರಿಯನ್ನು ಅವಳು ತೀರಿಸಿಕೊಂಡದ್ದು ಗಿರಾಕಿಗಳ ಮೇಲೆ. ಗಂಟೆಗೆ ಅರವತ್ತು, ಕೊಂಬ ಬೇಕಾದರೆ ಎಂಬತ್ತು ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಳು. ನನಗೆ ಅವರು ಮಾಡಿದ್ದನ್ನೇ ನಾನು ಇವರಿಗೆ ಮಾಡುತ್ತಿದ್ದೇನಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಗಿರಾಕಿ ಬಂದರು.

ಮಾರ್ಚ್ ತಿಂಗಳಲ್ಲಿ ಒಂದು ಪಂದ್ಯ ಇಟ್ಟಳು. ಗೆದ್ದವನಿಗೆ ಹತ್ತು ಸಾವಿರ; ಯಾವ ಜಟ್ಟಿಯನ್ನು ಬೇಕಾದರೂ ಆಡಿಸಬಹುದು. ಪಂದ್ಯಕ್ಕೆ ಒಂದು ವಾರವಿರುವಾಗ ಶಂಕರ್ ಒಬ್ಬನೇ ಬಂದ.

“ಅಕ್ಕ, ಒಂದ್ ಗಂಟೆ ಕೊಂಬುನ್ ಎದ್ರುಗೆ ಆಡಕ್ ಬುಡಿ. ಅವ್ನ್ ಏಟು ಎಲ್ಲಿಂದ ಬತ್ತದ ಅಂತ ಒಸಿ ನೋಡ್ಕತೀನಿ. ಈ ವಾರ ಕೈಯಲ್ ಕಾಸಿಲ್ಲ.”

“ಎಲ್ರಿಗೂ ಒಂದೇ ರೇಟು ಕಣಪ್ಪ. ನಿಂಗ್ ಬುಟ್ರೆ ನಾಳೆ ಎಲ್ರೂ ಕೇಳ್ತರೆ.”

ಅವನು ಮೆಟ್ಟಿಲಿಳಿದು ಹೋದ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಹಡಿಯಲ್ಲಿ ನಲವತ್ತು ಜನ ಬೆವರುತ್ತ ನಿಂತಿದ್ದರು. ಕೊನೆಯ ಸುತ್ತಿಗೆ ಉಳಿದವರು ಇಬ್ಬರು: ಶಂಕರ್, ಮತ್ತು ಚಾಮರಾಜನಗರದಿಂದ ಗೆಳೆಯರನ್ನು ಕಾರಿನಲ್ಲಿ ತುಂಬಿಕೊಂಡು ಬಂದಿದ್ದ ಬಸವಪ್ರಸಾದ್. ಅಕ್ಕಿ ಗಿರಣಿಯವರ ಮಗನಾದ ಅವನ ಮನೆಯಲ್ಲಿ ಅದೇ ಯಂತ್ರವಿತ್ತು, ದುಡ್ಡಿಗೆ ಸಿಗುವ ಜಟ್ಟಿಗಳೆಲ್ಲ ಇದ್ದರು.

ಬಸವಪ್ರಸಾದ್ ಕೊಂಬನನ್ನು ಆರಿಸಿಕೊಂಡ, ಶಂಕರ್ ತನ್ನ ಬೋಳನನ್ನೇ. ಮೊದಲ ಆಟವನ್ನು ಗೆದ್ದೂಬಿಟ್ಟ. ಮಹಡಿ ಅದುರುವಂತೆ ಕೇಕೆ ಬಿತ್ತು. ಎರಡನೆಯದರಲ್ಲಿ ಕೊಂಬನ ಏಟು ಅವನು ಕಾಣದ ಕಡೆಯಿಂದ ಬರತೊಡಗಿತು. ಮೂರನೆಯದರ ಕೊನೆಗೆ ಕೊಂಬ ಬೋಳನ ತೋಳನ್ನು ಬುಡಸಮೇತ ಕಿತ್ತು ಎತ್ತಿ ಹಿಡಿದ. ಪರದೆಯೆಲ್ಲ ಕೆಂಪಾಯಿತು. ಬಸವಪ್ರಸಾದ್ ಆ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಇನ್ನೊಂದು ಸಲ ಹಾಕಿದ.

“ಏಳ್ನೂರ್ ರೂಪಾಯ್ಗೆ ಗತಿ ಇಲ್ದೋನು ಫೈನಲ್‌ಗೆ ಯಾಕ್ಲಾ ಬಂದೆ? ಓಗು, ಬೆಂಕಿ ಆರ್ಸೋಗು.”

ಶಂಕರನ ಕೈಯಲ್ಲಿದ್ದ, ಜಟ್ಟಿಯನ್ನು ಆಡಿಸುವ ರಿಮೋಟು ಬಸವಪ್ರಸಾದನ ಬಾಯಿಗೆ ಬಡಿಯಿತು. ಎರಡು ಹಲ್ಲು ಗದ್ದದ ಮೇಲೆ ಇಳಿದು ಬಂದವು. ಬಸವಪ್ರಸಾದನ ಗೆಳೆಯ ಪುಟ್ಟರಾಜು ಕುರ್ಚಿ ಎತ್ತಿ ಶಂಕರನ ಬೆನ್ನಿಗೆ ಅಪ್ಪಳಿಸಿದ. ಪ್ಲಾಸ್ಟಿಕ್ ಸೀಳಿ ಬೆನ್ನಿನ ಚರ್ಮ ಹರಿಯಿತು. ಶಂಕರ್ ತಿರುಗಿಯೂ ನೋಡಲಿಲ್ಲ. ಬಸವಪ್ರಸಾದನ ತಲೆಗೂದಲು ಹಿಡಿದು ಟಿವಿಗೆ ಗುದ್ದಿಸಿದ. ಗಾಜು ಬಿರಿದು ಪರದೆ ಕಪ್ಪಾಯಿತು. ಕೆಳಗೆ ಬಿದ್ದವನ ಬೆನ್ನಿನ ಮೇಲೆ ಮಂಡಿಯೂರಿ, ರಿಮೋಟಿನ ವೈರನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿ ಎಳೆಯತೊಡಗಿದ.

ಜನ ಒಬ್ಬರನ್ನೊಬ್ಬರು ತುಳಿದುಕೊಂಡು ಮೆಟ್ಟಿಲಿಗೆ ನುಗ್ಗಿದರು. ಪುಟ್ಟರಾಜು ಶಂಕರನ ಬೆರಳು ಬಿಡಿಸಲು ಹೋಗಿ, ಮೂಗಿಗೆ ಮೊಣಕೈ ತಿಂದು ಗೋಡೆಗೆ ಬಿದ್ದ. ಬಸವಪ್ರಸಾದನ ಮುಖ ನೇರಳೆ ಬಣ್ಣಕ್ಕೆ ತಿರುಗಿತು. ಹಿಮ್ಮಡಿಗಳು ನೆಲವನ್ನು ಬಡಿಯುತ್ತಿದ್ದವು.

“ಶಂಕ್ರ, ಬುಡ್ಲಾ! ಸತ್ತೋಯ್ತನೆ ಕಣ್ಲಾ!” ರೂಪಶ್ರೀ ಕಿರುಚಿದಳು. ಅವನಿಗೆ ಕೇಳಿಸಲೇ ಇಲ್ಲ.

ಶಟರ್ ಎಳೆಯುವ ಕಬ್ಬಿಣದ ಕಂಬಿ ಬಾಗಿಲ ಮೂಲೆಯಲ್ಲಿತ್ತು. ಅದನ್ನೆತ್ತಿ ಅವನ ಭುಜಕ್ಕೆ ಬಾರಿಸಿದಳು. ಅವನು ಬಿಡಲಿಲ್ಲ. ಎರಡನೆಯದನ್ನು ಮೊಣಕೈಗೆ ಹೊಡೆದಳು. ಹಸಿ ಸೌದೆ ಮುರಿದಂಥ ಸದ್ದಾಯಿತು. ವೈರು ಸಡಿಲವಾಯಿತು, ಶಂಕರ್ ಪಕ್ಕಕ್ಕೆ ಉರುಳಿದ, ಬಸವಪ್ರಸಾದ್ ಗೊರಗೊರ ಉಸಿರೆಳೆದುಕೊಂಡ. ಅಲ್ಲಿಗೆ ಮುಗಿದಿತ್ತು. ಆದರೆ ರೂಪಶ್ರೀ ಕಂಬಿಯನ್ನು ಮತ್ತೊಮ್ಮೆ ಎತ್ತಿ, ನೆಲದ ಮೇಲೆ ಬಿದ್ದಿದ್ದ ಶಂಕರನ ಬಲ ಅಂಗೈಯ ಮೇಲೆ ಇಳಿಸಿದಳು.

ಆಸ್ಪತ್ರೆ, ಪೊಲೀಸು, ಹೇಳಿಕೆ ಎಲ್ಲ ಆಯಿತು. ಜೀವ ಉಳಿಸಲು ಹೊಡೆದೆ ಎಂದು ರೂಪಶ್ರೀ ಬರೆದುಕೊಟ್ಟಳು. ಎಲ್ಲರೂ ಭೇಷ್ ಎಂದರು. ಬಸವಪ್ರಸಾದ್ ಬದುಕಿಕೊಂಡ, ದನಿ ಮಾತ್ರ ಒಡೆದುಹೋಯಿತು. ಕೊಲೆಯತ್ನದ ಕೇಸಿನಲ್ಲಿ ಶಂಕರ್ ಎರಡು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಬಲಗೈ ನೆಟ್ಟಗಾಗಲಿಲ್ಲ, ಕೆಲಸವೂ ಹೋಯಿತು. ಅವನು ಹೊರಬಂದ ವಾರವೇ ಆಟದ ಕಂಪನಿಯವರು ಕೊಂಬನ ಬಲವನ್ನು ಅರ್ಧಕ್ಕಿಳಿಸಿ, ಅವನನ್ನು ಎಲ್ಲರಿಗೂ ಪುಕ್ಕಟೆ ಮಾಡಿ, ಹದಿನಾಲ್ಕನೆಯವನನ್ನು ಒಂಬೈನೂರಕ್ಕೆ ಮಾರಾಟಕ್ಕಿಟ್ಟರು. ಆ ಸುದ್ದಿ ಮೊಬೈಲಿಗೆ ಬಂದಾಗ ರೂಪಶ್ರೀಗೆ ತಾನು ಶಂಕರನಿಗೆ ಬಿಟ್ಟುಕೊಡದ ಆ ಒಂದು ಗಂಟೆ ನೆನಪಾಯಿತು; ಅಂಗಡಿಗೆ ಬೀಗ ಹಾಕಿ ಹಂಗಳದ ಬಸ್ ಹತ್ತಿದಳು.

ಶಂಕರನ ತಾಯಿ ರಾಚಮ್ಮ ಜಗಲಿಯಲ್ಲಿ ಕೂತಿದ್ದಳು. ರೂಪಶ್ರೀ ತಾನು ಯಾರೆಂದು ಹೇಳಿ ಮುಗಿಸುವ ಮೊದಲೇ ಎದ್ದು ಬಂದು ಕೆನ್ನೆಗೆ ಬಾರಿಸಿದಳು. ರೂಪಶ್ರೀಯ ಕಿವಿ ಗುಂಯ್‌ಗುಟ್ಟಿತು. ಎರಡನೇ ಏಟಿಗೆ ತುಟಿ ಒಡೆಯಿತು. ಅವಳು ಕೈ ಅಡ್ಡ ತರಲಿಲ್ಲ.

“ಬುಡವ್ವ,” ಎಂದು ಶಂಕರ್ ಒಳಗಿನಿಂದ ಬಂದ. ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಂಡೇ ಇದ್ದವು. ರೂಪಶ್ರೀಯನ್ನು ದಿಟ್ಟಿಸಿ ನೋಡಿದ. “ಎರಡ್ನೇ ಏಟ್ಗೇ ಕೈ ಬುಟ್ಟಿದ್ದೆ ಕಣಕ್ಕ. ಸ್ಟೇಷನ್ನಲ್ಲಿ ನಾನದ್ನ ಯೋಳ್ನಿಲ್ಲ. ಮೂರ್ನೇದು ಯಾಕ್ ವಡುದ್ರಿ? ಅದೊಂದ್ ಯೋಳಿ ಸಾಕು.”

ಹೆದರಿದ್ದೆ ಎನ್ನಬಹುದಿತ್ತು. ಬಸ್ಸಿನುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

“ನನ್ ಟಿವಿ ವಡುದ್‌ಬುಟ್ಯಲ್ಲ, ಆ ಸಿಟ್ಗೆ ವಡುದೆ,” ಎಂದಳು.

ರಾಚಮ್ಮ ಮತ್ತೆ ಮುಂದಕ್ಕೆ ನುಗ್ಗಿದಳು. ಶಂಕರ್ ಎಡಗೈ ಅಡ್ಡ ಹಿಡಿದ. ತಾಯಿಯನ್ನು ಮತ್ತೆ ಜಗಲಿಯ ಮೇಲೆ ಕೂರಿಸಿದ. ಆಮೇಲೆ, “ಗುರ್‍ವಾರ ಮೈಸೂರ್ ಆಸ್ಪತ್ರೆಗ್ ಬಾ ಅಂದವ್ರೆ. ಅವ್ವುಂಗೆ ಅಲ್ಲಿ ದಾರಿ ಗೊತ್ತಾಗಲ್ಲ,” ಎಂದು ಒಳಗೆ ಹೋದ.

ಗುರುವಾರ ಬೆಳಗ್ಗೆ ರೂಪಶ್ರೀ ಅವನ ಜೊತೆ ಹೋದಳು. ಆ ಎರಡು ಬೆರಳು ಮತ್ತೆ ಬಿಚ್ಚಿಕೊಳ್ಳುವುದಿಲ್ಲ ಎಂದು ಡಾಕ್ಟರು ಹೇಳಿದಾಗ, ಅವನ ಪಕ್ಕದ ಕುರ್ಚಿಯಲ್ಲೇ ಇದ್ದಳು.