ಕೊನೆಗೆ ಬರುವ ಕಹಿ

ಜೆಲಿಂಡಾ ತೀರಿಕೊಂಡು ತಿಂಗಳಾಗಿತ್ತು. ಆಕೆಯ ಹೆಸರಿನ ಪೂಜೆ ಮುಗಿಸಿ ಮನೆಯವರು ಚರ್ಚಿನಿಂದ ಮರಳಿದಾಗ, ಮೊಮ್ಮಗಳು ಎರ್ಸಿಲಿಯಾ ಮುಂಜಾನೆಯೇ ಒಲೆಗಿಟ್ಟಿದ್ದ ಒಣಮೀನು ಆಲೂಗಡ್ಡೆ, ಟೊಮೆಟೊಗಳ ಜೊತೆ ಎಣ್ಣೆಯಲ್ಲಿ ಸದ್ದಿಲ್ಲದೆ ಬೇಯುತ್ತಿತ್ತು.

ಚಿಕ್ಕಪ್ಪ ಕ್ವಿಂತೊ ಸೌಟು ಎತ್ತಿಕೊಂಡ.

"ಕಲಕಬೇಡಿ, ಚಿಕ್ಕಪ್ಪ. ಮೀನು ಮುರಿಯುತ್ತೆ."

"ಓಹೋ, ಮಾತು ಬರುತ್ತಲ್ಲ ನಿಂಗೆ!"

ಎರ್ಸಿಲಿಯಾ ತಲೆ ತಗ್ಗಿಸಿ, ಪಾತ್ರೆಯ ಎರಡೂ ಹಿಡಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಅಜ್ಜಿ ಮಾಡುತ್ತಿದ್ದುದು ಹಾಗೆಯೇ.

ಕ್ವಿಂತೊ ಸೋಂಪಿನ ಸಿಹಿ ಬಿಸ್ಕತ್ತು ಜಗಿಯುತ್ತ ನೆಲಮಾಳಿಗೆಗೆ ಇಳಿದ. ಅಲ್ಲಿ ಒಂದೇ ಪೀಪಾಯಿ ಇತ್ತು. ಹೋದ ಸುಗ್ಗಿಯಲ್ಲಿ ಜೆಲಿಂಡಾ ತನ್ನ ಕೈಯಾರೆ ಮಾಡಿದ ವೆರ್ದಿಕ್ಕಿಯೊ ಬಿಳಿದ್ರಾಕ್ಷಿಯ ವೈನ್, ಅವಳ ಕೊನೆಯದು. ಅದರ ರುಚಿ ನೋಡಿ ಮೇಲೆ ಬಂದಾಗ ಆತ ಮುಖ ಕಿವುಚಿಕೊಂಡಿದ್ದ.

"ಬರೀ ಕಹಿ, ಅಪ್ಪ. ಈ ಸಲ ಅಮ್ಮನ ಕೈ ತಪ್ಪಿದೆ. ವಿನೆಗರ್ ಮಾಡೋ ದುಯಿಲಿಯೊಗೆ ಫೋನ್ ಮಾಡ್ತೀನಿ, ಮಧ್ಯಾಹ್ನ ಲಾರಿ ತಂದು ಒಯ್ಯಲಿ. ವಿನೆಗರ್‌ಗಾದ್ರೂ ಆಗುತ್ತೆ."

ಕಿಟಕಿಯ ಬಳಿ ಕುಳಿತಿದ್ದ ಮುದುಕ ನಜ್ಜರೇನೊ ತಿರುಗಿ ನೋಡಲಿಲ್ಲ. "ನಿನ್ನಿಷ್ಟ," ಎಂದ. ಹೆಂಡತಿ ಹೋದಾಗಿನಿಂದ ಎಲ್ಲದಕ್ಕೂ ಅವನ ಉತ್ತರ ಅದೊಂದೇ.

ಚಿಕ್ಕಪ್ಪನ ಮೀಸೆಯಲ್ಲಿ ಬಿಸ್ಕತ್ತಿನ ಪುಡಿ ಅಂಟಿಕೊಂಡಿದ್ದುದನ್ನು ಎರ್ಸಿಲಿಯಾ ಕಂಡಳು. ಸಿಹಿ ತಿಂದ ಬಾಯಿಗೆ ವೈನ್ ಬರೀ ಕಹಿಯೆಂದು, ರುಚಿ ನೋಡುವ ದಿನ ಅಜ್ಜಿ ಮನೆಯೊಳಗೆ ಸಿಹಿಯನ್ನೇ ಸೇರಿಸುತ್ತಿರಲಿಲ್ಲ. ಹೇಳಬೇಕೆನಿಸಿತು. ಅಷ್ಟರಲ್ಲಿ ಚಿಕ್ಕಪ್ಪ ಫೋನ್ ಎತ್ತಿಕೊಂಡಿದ್ದ. ಅಜ್ಜಿಯ ಕೈಕೆಲಸದಲ್ಲಿ ಉಳಿದಿದ್ದು ಅದೊಂದು ಪೀಪಾಯಿ; ಮಧ್ಯಾಹ್ನ ಕಳೆದರೆ ಅದೂ ಇಲ್ಲ.

ಊಟದ ಹೊತ್ತಿಗೆ ಅವಳು ಹೂಜಿ ಹಿಡಿದು ನೆಲಮಾಳಿಗೆಗೆ ಹೋಗಿ, ಪೀಪಾಯಿಯಿಂದ ತುಂಬಿಸಿಕೊಂಡು ಬಂದು ಮೇಜಿನ ಮೇಲಿಟ್ಟಳು.

"ಏನೇ ಇದು, ವಿನೆಗರನ್ನೇ ಬಡಿಸ್ತಿದ್ದೀಯಾ?" ಕ್ವಿಂತೊ ಕೇಳಿದ.

"ಮೀನಿಗೂ ಇದನ್ನೇ ಹಾಕಿದ್ದೀನಿ."

"ಹಾಗಾದ್ರೆ ಊಟ ಕೆಟ್ಟಂಗೇ."

ಅವಳು ತಾತನ ತಟ್ಟೆಗೆ ಮೀನು ಬಡಿಸಿ, ಲೋಟ ತುಂಬಿಸಿದಳು. ಮುದುಕ ಒಂದು ತುಂಡು ಬಾಯಿಗಿಟ್ಟ. ಒಣಮೀನಿನ ಕಟು ವಾಸನೆ, ಎಣ್ಣೆ ಕುಡಿದು ಮೆತ್ತಗಾದ ಆಲೂಗಡ್ಡೆ. ಬಾಯಿ ಜಿಡ್ಡಾಯಿತು. ಅಭ್ಯಾಸಬಲದಿಂದ ಲೋಟ ಎತ್ತಿದ.

ಎರ್ಸಿಲಿಯಾ ಅವನ ಗಂಟಲನ್ನೇ ನೋಡುತ್ತಿದ್ದಳು. ಆ ಗುಟುಕಿನ ದಾರಿ ಅವಳಿಗೆ ಗೊತ್ತಿತ್ತು. ಮೊದಲು ನಿಂಬೆಯ ಹುಳಿ, ಆಮೇಲೆ ಹಸಿ ಸೋಂಪಿನೆಲೆಯಂಥ ತಂಪು. ಜಿಡ್ಡೆಲ್ಲ ತೊಳೆದುಹೋಗಿ ನಾಲಿಗೆ ಹಗುರಾಗುತ್ತದೆ. ಕಟ್ಟಕಡೆಗೆ ಬಾದಾಮಿ ಸಿಪ್ಪೆಯ ಕಹಿ ಬರುತ್ತದೆ. ಮೀನಿನ ಉಪ್ಪು ಅದನ್ನು ಎದುರುಗೊಂಡು ಮೆತ್ತಗೆ ಮಾಡುತ್ತದೆ.

ನಜ್ಜರೇನೊ ಲೋಟ ಇಟ್ಟು ಇನ್ನೊಂದು ತುಂಡು ತಿಂದ. ಮತ್ತೆ ಗುಟುಕರಿಸಿದ. ತಟ್ಟೆ ಖಾಲಿಯಾಗುವವರೆಗೂ ಉಂಡ. ತಿಂಗಳಲ್ಲಿ ಅವನು ತಟ್ಟೆ ಖಾಲಿ ಮಾಡಿದ್ದು ಇದೇ ಮೊದಲು.

"ಕ್ವಿಂತೊ, ರುಚಿ ನೋಡುವಾಗ ಬಾಯಲ್ಲಿ ಏನಿತ್ತು?"

"ಬಿಸ್ಕತ್ತು. ಯಾಕೆ?"

"ನಿಮ್ಮಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು. ಈಗ ಮೀನು ತಿಂದು ಕುಡಿ."

ಕ್ವಿಂತೊ ಕುಡಿದ. "ಅಮ್ಮನದ್ದೇ," ಎಂದಷ್ಟೇ ಹೇಳಿ, ಕರವಸ್ತ್ರದಿಂದ ಮೀಸೆ ಒರೆಸಿಕೊಂಡ. ಕಣ್ಣನ್ನೂ.

ಅಂಗಳದಲ್ಲಿ ದುಯಿಲಿಯೊನ ಲಾರಿಯ ಹಾರ್ನ್ ಕೇಳಿಸಿತು.

"ವಾಪಸ್ ಕಳಿಸ್ತೀನಿ," ಎಂದು ಕ್ವಿಂತೊ ಎದ್ದ.

"ಉಂಡು ಹೋಗಲಿ, ಒಳಗೆ ಕರಿ. ಪೀಪಾಯಿ ಕೊಡಲ್ಲ ಅಂತ ಆಮೇಲೆ ಹೇಳಿದ್ರಾಯ್ತು," ಎಂದ ಮುದುಕ.

ಎರ್ಸಿಲಿಯಾ ಇನ್ನೊಂದು ತಟ್ಟೆ ತಂದಳು. ಖಾಲಿ ಇದ್ದದ್ದು ಅಜ್ಜಿಯ ಕುರ್ಚಿಯೊಂದೇ. ಎಲ್ಲಿಡಲೆಂದು ತಿಳಿಯದೆ ಅವಳು ತಟ್ಟೆ ಹಿಡಿದೇ ನಿಂತಳು. ತಾತ ಕೈ ಚಾಚಿ ತಾನೇ ಆ ಕುರ್ಚಿಯನ್ನು ಎಳೆದ.

"ಇಲ್ಲಿ ಕೂರೋದು ನೀನು," ಎಂದ. "ಅವನಿಗೆ ನಿನ್ನ ಜಾಗ ಕೊಡು."