ಅಕಸ್ಮಾತ್ ಅಕ್ಕ

ದೀಪ ಕಣ್ಣಿಗೇ ಹೊಡೆಯುತ್ತಿದೆ, ಕೆನ್ನೆಯೊಳಗೆ ಎರಡು ಹತ್ತಿಯುಂಡೆ, ನಾಲಿಗೆಯಡಿ ಎಂಜಲು ಹೀರುವ ಕೊಳವೆ ಗೊರಗೊರ ಅನ್ನುತ್ತಿದೆ, ಇಂಥ ಹೊತ್ತಿಗೇ ಈ ಹಲ್ಲಿನ ಡಾಕ್ಟರಿಗೆ ನನ್ನ ಕೆಲಸ ನೆನಪಾಗಬೇಕೆ — ನೀವು ಸಾಫ್ಟ್‌ವೇರ್ ಅಲ್ವಾ, ನನ್ನ ಮಗಳು ಚೆನ್ನಾಗಿ ಚಿತ್ರ ಬಿಡಿಸ್ತಾಳೆ, ಆ ಕೆಲಸಕ್ಕೆ ಹೋದ್ರೆ ಕಲ್ಪನೆ ಎಲ್ಲಾ ಸತ್ತುಹೋಗುತ್ತೆ ಅಂತಾಳೆ, ಹೌದಾ? ಆಂ ಆಂ ಎಂದೆ, ಹೌದೋ ಅಲ್ಲವೋ ನನಗೇ ತಿಳಿಯದ ಹಾಗೆ, ಅವರು ಹಾಗಂತೀರಾ ಎಂದು ತಲೆದೂಗಿ ಕೊರೆಯುವ ಯಂತ್ರ ಎತ್ತಿಕೊಂಡರು, ಅಯ್ಯೋ, ನಾನೇನೂ ಅನ್ನಲೇ ಇಲ್ಲವಲ್ಲ ಡಾಕ್ಟ್ರೇ, ಒಂದು ಹುಡುಗಿಯ ಹಣೆಬರಹ ನನ್ನ ಈ ಆಂ ಒಳಗೆ ತೀರ್ಮಾನವಾಗಿಬಿಟ್ಟರೆ — ನಾನೂ ಚಿತ್ರ ಬಿಡಿಸುತ್ತಿದ್ದವಳೇ, ಬಸ್ಸಿನಲ್ಲಿ ಎದುರು ಕೂತವರ ಮುಖಗಳನ್ನು, ಕೆಲಸಕ್ಕೆ ಸೇರಿದ ಮೇಲೆ ಅದು ತಾನಾಗೇ ನಿಂತುಹೋಯಿತು, ಆಂಬುಲೆನ್ಸ್‌ಗೆ ಬರುವ ಕರೆಗಳ ಪ್ರೋಗ್ರಾಂ ನಮ್ಮದು, ಕರೆ ಬಂದರೆ ಸಾಲಿನಲ್ಲಿ ನಿಲ್ಲಿಸು, ಆ ಕಡೆ ಮಾತಿಲ್ಲದಿದ್ದರೆ ಹುಡುಗಾಟ ಅಂತ ಕಡಿದುಹಾಕು, ಅಷ್ಟೇ, ಮ್ಯಾನೇಜರ್ ಅನ್ನುತ್ತಿದ್ದರು, ಕೇಳಿದಷ್ಟು ಬರೀರಿ ತಾಯಿ, ಕಲೆ ಗಿಲೆ ಎಲ್ಲಾ ಭಾನುವಾರಕ್ಕೆ ಇಟ್ಕೊಳ್ಳಿ. ಭಾನುವಾರ ಬಟ್ಟೆ ಒಗೆಯುವುದಿರುತ್ತಿತ್ತು. ಕೆಲಸ ಬಿಟ್ಟುಬಿಡ್ತೀನಿ ಎಂದು ಅಮ್ಮನಿಗೆ ಹೇಳಿಯೂ ಆಗಿತ್ತು, ಬಿಡು, ಬೇರೆ ಏನಾದ್ರೂ ಸಿಕ್ಕಿದ ಮೇಲೆ ಬಿಡು ಅಂದಿದ್ದಳು, ಬೇರೆ ಏನೂ ಸಿಗುವ ಮೊದಲು ಸಿಕ್ಕವರು ಅಕಸ್ಮಾತ್ ಅಕ್ಕ.

ನಾವು ಬರೆದದ್ದನ್ನು ಪರೀಕ್ಷಿಸಿ ತಪ್ಪು ಹುಡುಕುವುದು ಅವರ ಕೆಲಸ, ಬಾಯಿ ತೆಗೆದರೆ ಅಕಸ್ಮಾತ್, ಅಕಸ್ಮಾತ್ ಕರೆಂಟ್ ಹೋದ್ರೆ, ಅಕಸ್ಮಾತ್ ಕೈ ನಡುಗೋ ಅಜ್ಜ ಎರಡು ಸಲ ಒತ್ತಿದ್ರೆ, ಅವರು ಬರುವುದು ಕಂಡರೆ ಅಪಶಕುನ ಬಂತು ಎಂದು ನಕ್ಕು ನಾವೆಲ್ಲ ಪರದೆಯೊಳಗೆ ತಲೆ ಹುದುಗಿಸುತ್ತಿದ್ದೆವು, ಆ ದಿನ ನನ್ನ ಮೇಜಿಗೇ ಒರಗಿದರು — ಅಕಸ್ಮಾತ್ ಫೋನ್ ಮಾಡಿದವರಿಗೆ ಮಾತೇ ಹೊರಡದೆ ಹೋದ್ರೆ? ಅದು ಆಂಬುಲೆನ್ಸಿನವರು ಕೇಳಿದ್ದರಲ್ಲಿ ಇಲ್ಲ ಅಕ್ಕ ಎಂದೆ. ಇಲ್ಲ, ಗೊತ್ತು ಕಣೆ, ನೀನು ಮುಖ ಬಿಡಿಸ್ತಿದ್ಯಂತಲ್ಲ, ಆ ಫೋನ್ ಮಾಡಿದವರ ಮುಖ ಒಂದು ಬಿಡಿಸು ನೋಡೋಣ. ಬಿಡಿಸಿದೆ, ಯಾವುದೋ ಹಾಳೆಯ ಬೆನ್ನಿಗೆ, ತೆರೆದ ಬಾಯಿ, ಉಬ್ಬಿದ ಕತ್ತಿನ ನರ, ಫೋನು ಹಿಡಿದ ಕೈಗೆ ಬಂದಾಗ ಪೆನ್ಸಿಲ್ ನಿಂತಿತು, ಗಂಟಲು ಕಟ್ಟಿದೆ, ಬೆರಳು ಕಟ್ಟಿಲ್ಲವಲ್ಲ. ಕರೆ ಕಡಿಯುವ ಬದಲು ಕೇಳೋಣ, ಮಾತಾಡೋಕೆ ಆಗ್ತಿಲ್ವಾ, ಯಾವುದಾದ್ರೂ ಗುಂಡಿ ಒತ್ತಿ, ಬರ್ತೀವಿ — ಒತ್ತಿದರೆ ಆ ನಂಬರಿನ ವಿಳಾಸಕ್ಕೆ ಗಾಡಿ. ಆ ಮಾತಿಗೆ ಧ್ವನಿ ಕೊಟ್ಟವರೂ ಅಕ್ಕನೇ. ಮ್ಯಾನೇಜರ್ ಮೂಗು ಮುರಿದರು, ಆಮೇಲೆ ಸರಿ, ಹಾಕಿ ನೋಡೋಣ ಅಂದರು, ಅವರಿಗೂ ಒಂದು ನಮಸ್ಕಾರ, ಬೇಡ ಅನ್ನಬಹುದಿತ್ತು.

ಬಾಯಿ ತೊಳ್ಕೊಳ್ಳಿ ಅನ್ನುತ್ತಾರೆ ಡಾಕ್ಟರು, ಉಗುಳುತ್ತೇನೆ, ತುಟಿ ಯಾರದ್ದೋ ತುಟಿಯ ಹಾಗೆ ಜೋತಿದೆ, ಹಾಗಾದ್ರೆ ಮಗಳಿಗೆ ಬೇಡ ಅಂತ ಹೇಳ್ಲಾ? ಬೇಡ ಅನ್ನಬೇಡಿ, ಪೆನ್ಸಿಲ್ಲೂ ಬಿಡಬೇಡ ಅನ್ನಿ, ನನ್ನಿಂದ ಹೊರಟದ್ದು ಬೇಬೇ ಎಂಬ ಸದ್ದು ಮಾತ್ರ, ಅವರು ನಕ್ಕು, ನಿಧಾನ, ಮರಗಟ್ಟಿದ್ದು ಹೋಗ್ಲಿ, ಕೇಳಿಕೊಂಡೇ ಹೋಗ್ತೀನಿ ಎಂದು ಸ್ಟೂಲ್ ಎಳೆದು ಕೂರುತ್ತಾರೆ, ಒಳ್ಳೆಯವರು, ಎಲ್ಲಿಂದ ಶುರು ಮಾಡಲಿ, ಆ ಹೆಂಗಸಿನಿಂದಲೇ ಮಾಡಬೇಕು, ಗಂಡನ ಜೊತೆ ನಮ್ಮ ಆಫೀಸು ಹುಡುಕಿಕೊಂಡು ಬಂದವಳು, ಉಬ್ಬಸ, ಮನೆಯಲ್ಲಿ ಒಬ್ಬಳೇ ಇದ್ದಾಗ ಉಸಿರು ಕಟ್ಟಿತಂತೆ, ಫೋನಿನಲ್ಲಿ ಯಾರೋ ಗುಂಡಿ ಒತ್ತು ಅಂದರಂತೆ, ಒತ್ತಿದಳಂತೆ, ಗಾಡಿ ಬಂತಂತೆ, ಎಲ್ಲ ಗಂಡನೇ ಹೇಳುತ್ತಿದ್ದ, ಅವಳು ನೆಲ ನೋಡುತ್ತ ನಿಂತಿದ್ದಳು. ಅಕ್ಕ ಕುರ್ಚಿ ಎಳೆದು, ಕೂತ್ಕೊಳಮ್ಮ, ಯಾಕೆ ನಿಂತೇ ಇದ್ದೀಯ ಅಂದರು, ಅವಳು ತಟ್ಟನೆ ತಲೆಯೆತ್ತಿದಳು, ಆ ಧ್ವನಿ, ಅದೇ ಧ್ವನಿ, ಅಕ್ಕನ ಕೈ ಎಳೆದುಕೊಂಡಳು, ಅಂಗೈ ಬಿಡಿಸಿ ನಡುವೆ ಹೆಬ್ಬೆರಳಿಟ್ಟು ಗುಂಡಿಯ ಹಾಗೆ ಒತ್ತಿದಳು, ಅಕ್ಕನ ಬಾಯಲ್ಲಿ ಆಗ ಒಂದೇ ಒಂದು ಅಕಸ್ಮಾತ್ ಇಲ್ಲ, ಆ ಹೆಬ್ಬೆರಳು, ಒತ್ತಿದ ಸುತ್ತ ಬಿಳಿಚಿಕೊಂಡ ಅಂಗೈ, ಇಷ್ಟು ವರ್ಷ ಕೆಲಸಕ್ಕೆ ಹೊರಟ ಎಷ್ಟೋ ಬೆಳಿಗ್ಗೆ ಕಣ್ಣ ಮುಂದೆ ಅದೇ ಹೆಬ್ಬೆರಳು, ಒತ್ತಿ ಹಿಡಿದದ್ದನ್ನು ಅವಳು ತೆಗೆಯುತ್ತಲೇ ಇಲ್ಲ