ಮೂರನೇ ಚಂದ್ರಿಕೆ

"ಈ ಜನಪದ ಅನ್ನೋರು ನಮ್ಮೂರ್ಗೆ ಯಾವಾಗ್ ಬಂದಿದ್ರವ್ವ?"

ಗಂಗಲಕ್ಷ್ಮಮ್ಮ ಮೈಕಿನಲ್ಲೇ ಕೇಳಿಬಿಟ್ಟಳು. ಕೂಟಗಲ್ಲಿನ ಸಮುದಾಯ ಭವನದಲ್ಲಿ ಕೂತಿದ್ದ ಹೆಂಗಸರು ಕಿಸಕ್ಕೆಂದರು. ಪುಸ್ತಕ ಬಿಡುಗಡೆಯಾಗಿ, ಎಲ್ಲ ಸಸೂತ್ರ ಮುಗಿಯಿತೆಂದು ಕುರ್ಚಿಗೆ ಒರಗಿದ್ದ ಪ್ರತಿಮಾ ಮೇಡಂ ನೆಟ್ಟಗಾದರು. ರಾಮನಗರದ ಕಾಲೇಜಿನಲ್ಲಿ ಪಾಠ ಹೇಳುವ ಆಕೆ ಎರಡು ವರ್ಷ ಊರೂರು ಅಲೆದು ಹೆಂಗಸರ ಪದಗಳನ್ನು ಬರೆದುಕೊಂಡಿದ್ದರು. ಗಂಗಲಕ್ಷ್ಮಮ್ಮನ ರೇಷ್ಮೆಹುಳದ ಪದವೇ ಪುಸ್ತಕದಲ್ಲಿ ಮೊದಲನೆಯದು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ರಚನೆ: ಜನಪದ' ಎಂದಿತ್ತು.

"ಯಾರ್ ಕಟ್ಟಿದ್ದು ಅಂತ ಗೊತ್ತಿಲ್ದೇ ಇದ್ರೆ ಹಂಗ್ ಬರೀತಾರೆ, ಅದು ನನ್ಗೂ ಗೊತ್ತು. ಇದು ಗೊತ್ತಲ್ಲ! ನಾನ್ ಕಟ್ಟಿದ್ದು. ನನ್ ಹೆಸ್ರಾಕಿ."

"ನಿಮ್ಮ ಹೆಸರು ಕೊನೇ ಪುಟದಲ್ಲಿದೆ ಅಮ್ಮಾ. ಹಾಡಿದವರ ಪಟ್ಟೀಲಿ."

"ಹಾಡ್ದೋರು ಬ್ಯಾರೆ, ಕಟ್ದೋರು ಬ್ಯಾರೆ. ಹೆತ್ತೋಳ್ನ ಬುಟ್ಟು ಎತ್ಕೊಂಡೋಳ ಹೆಸರು ಬರೀತಾರಾ?"

ಅವಳಿಗೆ ಯಾರೂ ಪದ ಹೇಳಿಕೊಟ್ಟವರಿಲ್ಲ. ಕಳೆ ಕೀಳುವಾಗ ಮುಂದಿನ ಸಾಲಿನ ಹೆಂಗಸರು ಹಾಡುತ್ತಿದ್ದದ್ದು ಕಿವಿಗೆ ಬಿದ್ದಿತ್ತು, ಅಷ್ಟೇ. ಆಮೇಲೆ ಹುಳಕ್ಕೆ ಸೊಪ್ಪು ಹಾಕುತ್ತ ಹಾಕುತ್ತ ತಾನೇ ಕಟ್ಟತೊಡಗಿದಳು. "ನೀ ಪದ ಹೇಳ್ತಾ ಕುಂತ್ರೆ ಹುಳದ್ ಹೊಟ್ಟೆ ತುಂಬ್ತದಾ?" ಎಂದು ಅತ್ತೆ ಬೈಯುತ್ತಿದ್ದಳು. ಹುಳದ ಹೊಟ್ಟೆಯೂ ತುಂಬಿತು, ಪದವೂ ಆಯಿತು. ಈಗ ಸುತ್ತ ಹತ್ತೂರಲ್ಲಿ ಹೆಂಗಸರ ಬಾಯಲ್ಲಿ ಅದೇ.

ಪ್ರತಿಮಾ ಮೇಡಂ ಕೆಟ್ಟವರಲ್ಲ. ಮೆಲ್ಲಗೆ ಹೇಳಿದರು. "ನಿಮ್ಮಜ್ಜಿ ಹಾಡಿದ್ದು ನಿಮಗೇ ತಿಳೀದ ಹಾಗೆ ಮನಸ್ಸಲ್ಲಿ ಉಳಿದಿರಬಹುದು ಅಮ್ಮಾ. ಈ ಸಾಲು ನೋಡಿ, ಎಷ್ಟು ಹಳೇ ಆಚಾರ ಇದು!" ಪುಟ ತೆರೆದು ಓದಿದರು.

*ಹಣ್ಣಾದೊ ಹುಳವೆಲ್ಲ ಚಂದ್ರೀಕೆ ಏರ್ಯಾವೊ*
*ಮೂರ್ನೇ ಚಂದ್ರೀಕೆ ಬಾಗ್ಲೀಗೆ ಅಡ್ಡಾಗಿ*
*ನಾಯಿ ಬರದಂಗೆ ನಿಂತೈತೆ*

ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ, ಆಳೆತ್ತರದ ಬಿದಿರು ತಟ್ಟಿಯೇ ಚಂದ್ರಿಕೆ. ಅದನ್ನು ಬಾಗಿಲಿಗೆ ಅಡ್ಡ ನಿಲ್ಲಿಸುವುದು ದೃಷ್ಟಿ ತಾಗದಿರಲೆಂದು ಹಿರಿಯರು ಮಾಡಿಕೊಂಡ ಕಟ್ಟಳೆ ಎಂದು ಮೇಡಂ ಅಡಿಟಿಪ್ಪಣಿ ಬರೆದಿದ್ದರು.

ಗಂಗಲಕ್ಷ್ಮಮ್ಮ ವೇದಿಕೆಯ ಇನ್ನೊಂದು ತುದಿಗೆ ನೋಡಿದಳು. ಅಲ್ಲಿ ಮರಿಯಪ್ಪ ಕೂತಿದ್ದ. ಗಂಡನ ಅಣ್ಣ; ಈಗ ಡೈರಿ ಅಧ್ಯಕ್ಷ. ಕಾಲು ಗಂಟೆ ಮುಂಚೆ ಅವಳಿಗೆ ಶಾಲು ಹೊದಿಸಿ "ನಮ್ಮ ಮನೆತನದ ಹೆಮ್ಮೆ" ಎಂದಿದ್ದವನು ಈಗ ಬೇಡವೆಂದು ತಲೆಯಾಡಿಸುತ್ತಿದ್ದ. ಇಪ್ಪತ್ತಾರು ವರ್ಷ ಅವಳೂ ಮನೆಯ ಮಾತು ಮನೆಯೊಳಗೇ ಇರಲೆಂದು ಬಾಯಿ ಕಟ್ಟಿಕೊಂಡಿದ್ದಳು. ಇವತ್ತೂ ನುಂಗಿಕೊಂಡರೆ ಪದ ಯಾವಳೋ ಅಜ್ಜಿಯದಾಗಿ ಹೋಗುತ್ತದೆ. ಥೂ, ಯಾರ ಮಾನ ಉಳಿಸೋಕೆ?

"ಆಚಾರನೂ ಇಲ್ಲ, ಮಣ್ಣೂ ಇಲ್ಲ ಕಣವ್ವ. ನಮ್ಮನೇಗೆ ಬಾಗ್ಲೇ ಇರ್ನಿಲ್ಲ! ನನ್ ಗಂಡ ಸತ್ ವರ್ಸ ಪಾಲಾಯ್ತು. ಬಾಗ್ಲು ನಮ್ಮಪ್ಪ ಮಾಡ್ಸಿದ್ದು, ನನ್ ಪಾಲ್ಗೇ ಬರ್ಬೇಕು ಅಂತ ಭಾವನೋರು ಕಿತ್ಕೊಂಡೋದ್ರು. ಹುಳ ಹಣ್ಣಾಗವೆ, ಮಗಳು ಶ್ವೇತಂಗೆ ಎರಡ್ ವರ್ಸ, ಬೀದಿ ನಾಯಿ ಒಳೀಕೇ ಬತ್ತಾವೆ. ಇದ್ದಿದ್ದೇ ಮೂರ್ ಚಂದ್ರಿಕೆ. ಎರಡ್ರಲ್ಲಿ ಹುಳ ಬುಟ್ಟೆ, ಮೂರ್ನೇದ್ನ ಬಾಗಿಲ್ಗೆ ಅಡ್ಡ ನಿಲ್ಸಿ ಒಳ್ಗಿಂದ ಆತ್ಕೊಂಡ್ ಕುಂತೆ. ಅಲ್ಲೇ ಕಟ್ದೆ ಆ ಸಾಲ್ನ. ಇದ್ಯಾವ ಅಜ್ಜಿ ಕಂಡಿದ್ಲು, ಹೇಳಿ?"

ಅವಳು ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಮರಿಯಪ್ಪನ ಮುಂದಿನ ಮೇಜಿನ ಮೇಲಿಟ್ಟಳು. ಪ್ರತಿಮಾ ಮೇಡಂ ಪೆನ್ನು ತೆಗೆದರು. ತಮ್ಮ ಕೈಲಿದ್ದ ಪುಸ್ತಕದಲ್ಲಿ 'ಜನಪದ' ಎಂಬುದನ್ನು ಹೊಡೆದು ಅವಳ ಹೆಸರು ಬರೆದರು. ಅಡಿಟಿಪ್ಪಣಿಯನ್ನು ಪೂರ್ತಿ ಗೀಚಿಹಾಕಿದರು. "ಉಳಿದ ಪ್ರತಿಗಳನ್ನೂ ತಿದ್ದದೆ ಯಾರಿಗೂ ಕೊಡಲ್ಲಮ್ಮ" ಎಂದಾಗ ಅವರ ಮುಖ ಕೆಂಪಗಾಗಿತ್ತು.

ಮಾರನೆ ಬೆಳಗ್ಗೆ ಮರಿಯಪ್ಪನ ಟಿಲ್ಲರ್ ಅವಳ ಅಂಗಳಕ್ಕೆ ಬಂದು ನಿಂತಿತು. ಹಿಂದಿನ ಟ್ರೇಲರಿನಲ್ಲಿ ಹಲಸಿನ ಹಲಗೆಯ ಹಳೇ ಬಾಗಿಲು.

"ತಗ, ನಿನ್ ಬಾಗ್ಲು. ಊರ್ ಮುಂದೆ ಮಾನ ಕಳ್ದೆ. ಇನ್ಮೇಲಾದ್ರೂ ಆ ಸಾಲ್ನ ಪದದಿಂದ ತಗ್ದಾಕು."

ಅವಳ ಮನೆಗೆ ಕಬ್ಬಿಣದ ಬಾಗಿಲು ಬಂದು ಹನ್ನೆರಡು ವರ್ಷವಾಗಿತ್ತು.

"ಇಳ್ಸಿ ಭಾವ. ಒಸಿ ಹುಷಾರು, ಸೊಂಟ ಹಿಡ್ಕೊಂಡಾತು" ಎಂದಳು.

ಕೆಲಸ ಆಯಿತೆಂದುಕೊಂಡ ಮರಿಯಪ್ಪ ಏದುಸಿರು ಬಿಡುತ್ತ ಬಾಗಿಲನ್ನು ಗೋಡೆಗೆ ಒರಗಿಸಿದ. ಗಂಗಲಕ್ಷ್ಮಮ್ಮ ಅದನ್ನು ಎಳೆದು ಅಂಗಳದಲ್ಲಿ ಅಡ್ಡ ಮಲಗಿಸಿದಳು. ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದಳು. ಒಳಗಿಂದ ಒಂದು ಮಂಕರಿ ಹಿಪ್ಪುನೇರಳೆ ಸೊಪ್ಪು ತಂದು ಅದರ ಮೇಲೆ ಸುರುವಿ, ಕತ್ತಿ ಹಿಡಿದು ಕೂತಳು. ಮರಿ ಹುಳಕ್ಕೆ ಸೊಪ್ಪು ಸಣ್ಣಗೆ ಹೆಚ್ಚಬೇಕು.

ಹೆಚ್ಚುತ್ತ ಪದ ಎತ್ತಿದಳು. ಅವನು ಟಿಲ್ಲರ್ ಶುರು ಮಾಡಿದ. ಅವಳು ದನಿ ಏರಿಸಿದಳು. ಮೂರನೇ ಚಂದ್ರಿಕೆ ಬಂತು, ನಾಯಿಯೂ ಬಂತು, ಒಂದಕ್ಷರ ಬಿಡಲಿಲ್ಲ. ಹಲಸಿನ ಹಲಗೆಯ ಮೇಲೆ ಕತ್ತಿಯ ಗೆರೆಗಳು ಹಸಿರಾಗಿ ಮೂಡುತ್ತಿದ್ದವು.